ಒಗ್ಗುವುದಾ, ಹೊಂದಿಕೊಳ್ಳುವುದಾ? ಎರಡು ಹುಳಗಳಿಗೆ ಒಂದು ಕ್ರಿಯಾಪದ ಬೇಕು

ಹೈಸ್ಕೂಲು ಮಕ್ಕಳಿಗಾಗಿ ಎರಡು ಹುಳಗಳನ್ನು ಹೋಲಿಸಿ ಬರೆಯುತ್ತಿದ್ದೇನೆ. ಒಂದು ಸಹಾರಾ ಮರುಭೂಮಿಯ ಬೆಳ್ಳಿ ಇರುವೆ. ಇನ್ನೊಂದು ಅಂಟಾರ್ಕ್ಟಿಕಾದ ಬೆಲ್ಜಿಕಾ ಎಂಬ ನುಸಿ. (ಕರಾವಳಿಯವರು ಸೊಳ್ಳೆ ಅಂದುಕೊಳ್ಳಬೇಡಿ, ಇದು ಕಚ್ಚುವುದಿಲ್ಲ.)

'ಇರುವೆ ಬಿಸಿಲಿಗೆ ಒಗ್ಗಿಕೊಂಡಿದೆ, ನುಸಿ ಚಳಿಗೆ ಒಗ್ಗಿಕೊಂಡಿದೆ' ಎಂದು ಬರೆದೆ. ಓದಲು ಚೆನ್ನಾಗೇ ಇದೆ. ಆದರೆ ಒಗ್ಗುವುದು ಒಂದು ಜೀವದ ಆಯುಷ್ಯದೊಳಗೇ ಆಗುವಂಥದ್ದು ಅಲ್ವಾ? ಹೊಸ ಊರಿನ ನೀರು ಮೊದಲು ಒಗ್ಗುವುದಿಲ್ಲ, ನಾಲ್ಕು ದಿನ ಕಳೆದರೆ ಒಗ್ಗುತ್ತದೆ.

ಈ ಇರುವೆಯದು ಹಾಗಲ್ಲ. ಅದರ ಮೈಮೇಲಿನ ಒಂದೊಂದು ಕೂದಲೂ ಮೂರು ಮೂಲೆಯದು, ಬಿಸಿಲನ್ನು ಕನ್ನಡಿಯಂತೆ ವಾಪಸ್ ಎಸೆಯುತ್ತದೆ. ಹಲ್ಲಿಗಳೂ ಬಿಸಿಲು ತಾಳದೆ ಅಡಗುವ ನಡುಮಧ್ಯಾಹ್ನದಲ್ಲೇ ಅದು ಹೊರಬಂದು, ಬಿಸಿಲಿಗೆ ಸತ್ತ ಹುಳಗಳನ್ನು ಹೆಕ್ಕಿ, ಕೆಲವೇ ನಿಮಿಷಗಳಲ್ಲಿ ಗೂಡಿಗೆ ಓಡುತ್ತದೆ. ಶಾಖದಿಂದ ಜೀವಕೋಶಗಳನ್ನು ಕಾಪಾಡುವ ಪ್ರೋಟೀನುಗಳು ಅದು ಗೂಡು ಬಿಡುವ ಮೊದಲೇ ಮೈಯಲ್ಲಿ ತಯಾರಾಗಿರುತ್ತವೆ. ಹೊರಗೆ ಬಂದ ಮೇಲೆ ಒಗ್ಗಲು ಅದಕ್ಕೆ ಪುರುಸೊತ್ತೆಲ್ಲಿ?

ಬೆಲ್ಜಿಕಾ ಇನ್ನೂ ತೊಡಕು. ಅದಕ್ಕೆ ರೆಕ್ಕೆಯೇ ಇಲ್ಲ. ಮರಿಯಾಗಿ ಎರಡು ವರ್ಷ ಬದುಕುತ್ತದೆ, ಬೆಳೆದ ಮೇಲೆ ಎರಡು ವಾರವೂ ಇರುವುದಿಲ್ಲ. ಮೈಯ ನೀರಿನಲ್ಲಿ ಸುಮಾರು 70% ಹೋದರೂ ಮರಿ ಸಾಯುವುದಿಲ್ಲ. ಇವೆಲ್ಲ ತಲೆತಲಾಂತರದಿಂದ ಬಂದ ಗುಣಗಳು. ಆದರೆ ಅದೇ ಮರಿಯನ್ನು ಸುಮಾರು ಒಂದು ಗಂಟೆ ಹದವಾದ ಚಳಿಯಲ್ಲಿಟ್ಟರೆ, ಅದಕ್ಕಿಂತ ಜಾಸ್ತಿ ಚಳಿ ತಡೆಯುವ ಶಕ್ತಿ ಬರುತ್ತದೆ. ಒಗ್ಗುವುದು ಅಂದರೆ ಇದು! ಒಂದೇ ಹುಳದಲ್ಲಿ ಎರಡೂ ಇರುವಾಗ ಒಂದೇ ಪದ ಹಾಕಿದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ.

ಪಠ್ಯಪುಸ್ತಕದ 'ಹೊಂದಾಣಿಕೆ' ನನಗೆ ಹಿಡಿಸಲಿಲ್ಲ. ಗಂಡ ಹೆಂಡತಿಯ ಜಗಳ, ಚುನಾವಣೆಯ ಸೀಟು ನೆನಪಾಗುತ್ತವೆ. 'ಮಾರ್ಪಾಟು' ಅಂದರೆ ಯಾರೋ ಕೂತು ತಿದ್ದಿದ ಹಾಗೆ. 'ಅನುಕೂಲನ' ಸುಮ್ನೆ ಭಾರ. 'ಮೈಗೂಡು' ಇಷ್ಟವಾಯಿತು, ಆದರೆ ಅಭ್ಯಾಸವೂ ಮೈಗೂಡುತ್ತದಲ್ಲ. 'ತಳಿಗುಣ' ಅರ್ಥಕ್ಕೆ ಸರಿಯಾಗಿ ಕೂರುತ್ತದೆ, ಕ್ರಿಯಾಪದ ಮಾತ್ರ ಹುಟ್ಟುವುದಿಲ್ಲ.

ಸದ್ಯಕ್ಕೆ ಮರಿಯ ಆ ಒಂದು ಗಂಟೆಗೆ 'ಒಗ್ಗು', ಉಳಿದದ್ದಕ್ಕೆಲ್ಲ 'ತಳಿಗುಣ' ಎಂದು ಇಟ್ಟಿದ್ದೇನೆ. ನಿಮ್ಮ ಕಡೆ ರೈತರು ಮಳೆ ಕಮ್ಮಿಯಾದರೂ ಬೆಳೆಯುವ ನಾಟಿ ರಾಗಿಯ ಬಗ್ಗೆಯೋ, ಊರ ಕುರಿಯ ಬಗ್ಗೆಯೋ ಮಾತಾಡುವಾಗ ಈ ಅರ್ಥಕ್ಕೆ ಯಾವ ಕ್ರಿಯಾಪದ ಬಳಸುತ್ತಾರೆ? ಊರಿನ ಹೆಸರು ಸಮೇತ ತಿಳಿಸಿ.