ಅಪ್‌ಡೇಟ್: ಮಂಡ್ಯದ ಅಂಗನವಾಡಿ ಮಕ್ಕಳು ಮತ್ತು ಪದ ಗುರುತಿಸುವುದು

ನಾಲ್ಕು ವರ್ಷದ ಮಕ್ಕಳಿಗೆ ವರ್ಣಮಾಲೆ ಬಾಯಿಪಾಠ ಬರುತ್ತೆ, ಪದ ತೋರಿಸಿದರೆ ಗುರುತು ಸಿಗಲ್ಲ, ಏನು ಮಾಡೋದು ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಅ-ಆ ಕ್ರಮ ಬಿಟ್ಟು ನಲಿ-ಕಲಿಯ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ) ರ, ಗ, ಸ, ದ, ಅ ಹಿಡಿದದ್ದು ಫಲ ಕೊಟ್ಟಿದೆ. ಕಾಗುಣಿತ, ಒತ್ತು ಏನೂ ಇಲ್ಲದೆ ಸರ, ರಸ, ಅರಸ, ಗರಗಸ ಆಗುತ್ತವೆ. ಒಂದು ಸಲಕ್ಕೆ ಮೂರು ಪದದ ಕಾರ್ಡು ಸಾಕು.

ಚಿತ್ರ ಮಾತ್ರ ಕಾರ್ಡಿನ ಹಿಂಬದಿಗಿರಲಿ. ಪದದ ಪಕ್ಕದಲ್ಲೇ ಇದ್ದರೆ ಮಗು ಚಿತ್ರ ನೋಡಿ ‘ಸರ’ ಅನ್ನುತ್ತೆ, ಅಕ್ಷರದ ಕಡೆ ಕಣ್ಣೇ ಹಾಯಿಸಲ್ಲ. ಸರ, ರಸ ಅದಲುಬದಲಾದರೆ ಬಿಡಿ ಅಕ್ಷರ ಕೈಗೆ ಕೊಟ್ಟು ಎಡದಿಂದ ಜೋಡಿಸಲು ಹೇಳಿ, ಬೆರಳಿಟ್ಟು ಓದಿಸಿ. ಬಸ್ಸಿನ ‘ಮಂಡ್ಯ’ ಬೋರ್ಡನ್ನು ಇಡಿಯಾಗಿ ಗುರುತಿಸಿದರೆ ಬಹಳ ಸಂತೋಷ, ಬಿಡಿಸಿ ಓದಿಸೋದು ಈಗಲೇ ಬೇಡ; ಸೊನ್ನೆ, ಒತ್ತು ಎರಡೂ ಇವೆ.