ಅಪ್‌ಡೇಟ್: ಕೊನೆಗೂ ಒಂದು ಪುಸ್ತಕ ಪೂರ್ತಿ ಓದಿ ಮುಗಿಸಿದೆ

ಓದುವ ಅಭ್ಯಾಸ ತಪ್ಪಿ ಮೂರು ವರ್ಷ ಆಯ್ತು, ಯಾವ ಪುಸ್ತಕ ಹಿಡಿದರೂ ಇಪ್ಪತ್ತನೇ ಪುಟಕ್ಕೆ ನಿಂತು ಹೋಗುತ್ತದೆ, ನಿಮಗೆ ತುಂಬಾ ಇಷ್ಟವಾದದ್ದು ಹೇಳಿ ಅಂತ ಎರಡು ವಾರದ ಹಿಂದೆ ಕೇಳಿದ್ದೆ.

ಕೈ ಹಿಡಿದದ್ದು ತೇಜಸ್ವಿಯವರ ‘ಕರ್ವಾಲೊ’. ಅದನ್ನು ಹೇಳಿದವರು ‘ಓದಲೇಬೇಕು’ ಅಂತ ಬರೆದಿರಲಿಲ್ಲ. ಒಬ್ಬ ವಿಜ್ಞಾನಿ, ಹಳ್ಳಿಯ ಮಂದಣ್ಣ, ಒಂದು ನಾಯಿ, ಎಲ್ಲರೂ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ, ಸಿಗುತ್ತಾ ನೋಡಿ ಅಂದಿದ್ದರು ಅಷ್ಟೇ. ಆ ಒಂದು ಸಾಲು ಸಾಕಾಯ್ತು. ನಾಲ್ಕು ರಾತ್ರಿಯಲ್ಲಿ ಮುಗಿಸಿದೆ. ಕೊನೆಯ ದಿನ ದೀಪ ಆರಿಸಿದಾಗ ಗಂಟೆ ಎರಡು. ಆಮೇಲೂ ನಿದ್ದೆ ಬರಲಿಲ್ಲ, ಕಣ್ಣ ಮುಂದೆ ಆ ಕಾಡೇ. 1980ರ ಕಾದಂಬರಿ ಅಂತ ಅನ್ನಿಸೋದೇ ಇಲ್ಲ.

ಹಾರುವ ಓತಿ ಬರೀ ಕಲ್ಪನೆ ಅಂದುಕೊಂಡಿದ್ದೆ. ನಿಜವಾಗಿಯೂ ಇದೆ! ಪಶ್ಚಿಮ ಘಟ್ಟದ ಕಾಡುಗಳಲ್ಲಿ. ಉದ್ದನೆಯ ಪಕ್ಕೆಲುಬು ಅಗಲಿಸಿ, ಅದಕ್ಕೆ ಅಂಟಿದ ಚರ್ಮವನ್ನು ರೆಕ್ಕೆಯ ಹಾಗೆ ಬಿಚ್ಚಿ, ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ. ರೆಕ್ಕೆ ಬಡಿದು ಹಾರುವುದಿಲ್ಲ.

‘ಮಲೆಗಳಲ್ಲಿ ಮದುಮಗಳು’ ಹೇಳಿದವರು ಜಾಸ್ತಿ. ದೊಡ್ಡ ಕೃತಿ, ಅನುಮಾನವೇ ಇಲ್ಲ. ಆದರೆ ಅಷ್ಟೊಂದು ಪಾತ್ರಗಳು, ಅಷ್ಟು ದಪ್ಪ. ಓದು ಬಿಟ್ಟು ಮತ್ತೆ ಶುರು ಮಾಡುವವರಿಗೆ ಮೊದಲ ಪುಸ್ತಕ ಅದಲ್ಲ ಅಂತ ನನ್ನ ಅನಿಸಿಕೆ. ಆಡಿಯೋ ಬುಕ್ ಕೂಡ ಆಗಲಿಲ್ಲ, ಪಾತ್ರೆ ತೊಳೆಯುತ್ತಾ ಕೇಳಿದರೆ ಕಥೆ ಎಲ್ಲೋ ಕಳೆದು ಹೋಗುತ್ತಿತ್ತು.

ಫೋನ್ ಬೇರೆ ಕೋಣೆಯಲ್ಲಿಡಿ ಅಂದವರಿಗೂ ಥ್ಯಾಂಕ್ಸ್, ಅದೂ ಉಪಯೋಗಕ್ಕೆ ಬಂತು. ನಿನ್ನೆ ‘ಚಿದಂಬರ ರಹಸ್ಯ’ ಶುರು ಮಾಡಿದ್ದೇನೆ. ಇಪ್ಪತ್ತನೇ ಪುಟ ಆಗಲೇ ದಾಟಿದೆ.