ಬ್ರೇಕ್ ತುಳಿದರೆ ಮೀಟರ್ ಬೋರ್ಡ್ ಲೈಟ್ ಹತ್ತುತ್ತದೆ, ಬ್ಯಾಟರಿ ನಿಂತಲ್ಲೇ ಇಳಿಯುತ್ತದೆ: ಹಳೆ ಪಿಕಪ್, ಸಹಾಯ ಬೇಕು

ಘಾಟಿಪಿಕಪ್ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಡೀಸೆಲ್ ಪಿಕಪ್. ಹಳೆ ಕಾಲದ ಪಂಪ್ ಇಂಜಿನ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ತರಕಾರಿ, ಅಡಿಕೆ, ಗೊಬ್ಬರ ಎಲ್ಲ ಇದರಲ್ಲೇ. ಆಗಾಗ ಬೆಳಗಿನ ಜಾವ ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋಗಬೇಕು. ಈ ಮಳೆಗಾಲ ಶುರುವಾದಾಗಿನಿಂದ ಕರೆಂಟಿನ ತೊಂದರೆ ಒಂದರ ಮೇಲೊಂದು ಬರುತ್ತಿದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣುತ್ತಿಲ್ಲ.

ಲೈಟೆಲ್ಲ ಆಫ್ ಇದ್ದಾಗ ಬ್ರೇಕ್ ತುಳಿದರೆ ಮೀಟರ್ ಬೋರ್ಡ್ ಒಳಗಿನ ಲೈಟ್ ಮಂಕಾಗಿ ಹತ್ತುತ್ತದೆ. ಕಾಲು ತೆಗೆದರೆ ಆರುತ್ತದೆ. ಹೆಡ್‌ಲೈಟ್ ಹಾಕಿಕೊಂಡು ಬ್ರೇಕ್ ತುಳಿದರೆ ಹಿಂದಿನ ಕೆಂಪು ಲೈಟ್ ಜೋರಾಗುವ ಬದಲು ಇನ್ನೂ ಡಿಮ್ ಆಗುತ್ತದೆ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಪಕ್ಕಕ್ಕೆ ಬಂದು ಹೇಳಿದ ಮೇಲೆ ಇದು ಗೊತ್ತಾಗಿದ್ದು. ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪೂ ಅದರ ತಾಳಕ್ಕೆ ಮಿಣುಕುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಹೀಟ್ ಮುಳ್ಳು ಮತ್ತು ಡೀಸೆಲ್ ಮುಳ್ಳು ಎರಡೂ ಒಟ್ಟಿಗೆ ಕದಲುತ್ತವೆ.

ಇನ್ನು ಸೆಲ್ಫ್. ಒಮ್ಮೊಮ್ಮೆ ಒಂದೇ ಏಟಿಗೆ ಸ್ಟಾರ್ಟ್, ಒಮ್ಮೊಮ್ಮೆ ಬರೀ ಟಕ್ ಅಂತ ಸದ್ದು. ಗಾಡಿ ಮೂರ್ನಾಲ್ಕು ದಿನ ನಿಂತರೆ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಹೊಸ 75 ಆಂಪಿಯರ್ ಅವರ್ ಬ್ಯಾಟರಿ ಹಾಕಿದೆ, ಅದೂ ಹಾಗೇ.

ಒಬ್ಬರು ಸ್ಟೇರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ (ಲೈಟ್, ಇಂಡಿಕೇಟರ್ ಹಾಕುವುದು) ಬದಲಾಯಿಸಿ ಅಂತಾರೆ, ಇನ್ನೊಬ್ಬರು ಪೂರಾ ವೈರಿಂಗ್ ಬಿಚ್ಚಿ ಹೊಸದು ಹಾಕಬೇಕು ಅಂತಾರೆ. ಪೂರಾ ವೈರಿಂಗ್ ಅಂದರೆ ಗಾಡಿ ವಾರಗಟ್ಟಲೆ ನಿಲ್ಲುತ್ತದೆ, ದುಡ್ಡೂ ಜಾಸ್ತಿ. ನನ್ನ ಹತ್ತಿರ ಒಂದು ಸಾಧಾರಣ ಮಲ್ಟಿಮೀಟರ್ ಇದೆ, ವೋಲ್ಟ್ ನೋಡಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಹಾಸನ_ಹೈವೇ:

ಸ್ವಿಚ್ಚಿಗೆ ಕೈ ಹಾಕುವ ಮುಂಚೆ ಹಿಂದಿನ ಎರಡು ಬಲ್ಬ್ ಬಿಚ್ಚಿ ನೋಡಿ ಬ್ರದರ್. ಅಲ್ಲಿರಬೇಕಾದ್ದು ಡಬಲ್ ಫಿಲಮೆಂಟ್ ಬಲ್ಬ್, ಅಂದರೆ ಒಳಗೆ ಉರಿಯುವ ತಂತಿ ಎರಡು, 21 ವ್ಯಾಟ್ ಬ್ರೇಕಿಗೆ, 5 ವ್ಯಾಟ್ ಟೇಲಿಗೆ. ಅದರ ಪಕ್ಕದ ಎರಡು ಪಿನ್ನು ಒಂದೇ ಎತ್ತರದಲ್ಲಿ ಇರುವುದಿಲ್ಲ, ತಿರುಗಿಸಿ ಹಾಕಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಯಾರಾದರೂ ಅವಸರದಲ್ಲಿ ಸಿಂಗಲ್ ಫಿಲಮೆಂಟ್ ಬಲ್ಬನ್ನು ಒತ್ತಿ ತುರುಕಿದ್ದರೆ, ಅದರ ತಳದ ಒಂದೇ ಸೀಸದ ಗುಂಡಿ ಹೋಲ್ಡರಿನ ಎರಡೂ ಪಾಯಿಂಟನ್ನು ಸೇರಿಸಿಬಿಡುತ್ತದೆ. ಆಗಲೂ ಬ್ರೇಕ್ ತುಳಿದರೆ ಮೀಟರ್ ಲೈಟ್ ಹತ್ತುತ್ತದೆ. ಬಲ್ಬ್ ಸರಿ ಇದ್ದರೆ ಮುಂದಿನದು ನೋಡೋಣ.

ಹಳೇವೈರಿಂಗ್:

ಬಲ್ಬಿನ ಮಾತು ಸರಿ, ಮೊದಲು ಅದನ್ನು ನೋಡಿ. ಆದರೆ ಬಲ್ಬ್ ತಪ್ಪಿದ್ದರೆ ಬ್ರೇಕ್ ತುಳಿದಾಗ ಹಿಂದಿನ ಲೈಟ್ ಡಿಮ್ ಆಗುತ್ತಿರಲಿಲ್ಲ. ಆ ಒಂದು ಲಕ್ಷಣವೇ ಸಾಕು ನನಗೆ. ಸ್ವಿಚ್ಚೂ ಬೇಡ, ಪೂರಾ ವೈರಿಂಗೂ ಬೇಡ. ಹಿಂದಿನ ಲ್ಯಾಂಪಿನ ಅರ್ಥ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ, ಹೋಗಿದೆ.

ಹೇಗೆ ಅಂತ ಹೇಳುತ್ತೇನೆ, ಇದು ಅರ್ಥವಾದರೆ ಮುಂದೆ ಯಾರೂ ನಿಮಗೆ ಸುಮ್ನೆ ಸ್ವಿಚ್ ಮಾರಲು ಆಗುವುದಿಲ್ಲ. ಬ್ರೇಕ್ ವೈರಿನಲ್ಲಿ ಬಂದ ಕರೆಂಟ್ 21 ವ್ಯಾಟ್ ತಂತಿ ದಾಟಿ ಬಾಡಿಗೆ, ಅಲ್ಲಿಂದ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗಬೇಕು. ಕಾಲುವೆ ಕಟ್ಟಿಕೊಂಡರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತದೆ ಅಲ್ವಾ, ಇದೂ ಹಾಗೇ. ವಾಪಸ್ ದಾರಿ ಇಲ್ಲದಾಗ ಅದೇ ಬಲ್ಬಿನ 5 ವ್ಯಾಟ್ ತಂತಿಯಲ್ಲಿ ಉಲ್ಟಾ ಹರಿದು, ಟೇಲ್ ವೈರ್ ಹಿಡಿದು ಮುಂದೆ ಬಂದು, ನಿಮ್ಮ ಮೀಟರ್ ಬೋರ್ಡ್ ಬಲ್ಬ್ ಮತ್ತು ಮುಂದಿನ ಪಾರ್ಕಿಂಗ್ ಬಲ್ಬ್ ಮೂಲಕ ಅರ್ಥ್ ಸೇರುತ್ತದೆ. ಅದಕ್ಕೇ ಮಂಕಾಗಿ ಹತ್ತುವುದು. ಹೆಡ್‌ಲೈಟ್ ಹಾಕಿಕೊಂಡು ಬ್ರೇಕ್ ತುಳಿದಾಗ ಏನಾಗುತ್ತದೆ ನೋಡಿ: ಬಲ್ಬಿನ ಎರಡೂ ಪಾಯಿಂಟಿಗೆ 12 ವೋಲ್ಟ್ ಬಂದು ನಿಂತಿದೆ, ಹೊರಗೆ ಹೋಗಲು ದಾರಿ ಇಲ್ಲ. ಎರಡೂ ಕಡೆ ಒಂದೇ ಒತ್ತಡ ಇದ್ದರೆ ಹರಿಯುವುದೇನು? ಲೈಟ್ ಇಳಿಯುತ್ತದೆ. ಇಂಡಿಕೇಟರ್ ತಾಳಕ್ಕೆ ಟೇಲ್ ಮಿಣುಕುವುದೂ ಇದೇ ಕಥೆ, ಮೂರಕ್ಕೂ ಅರ್ಥ್ ಒಂದೇ.

ಈಗ ಅಳತೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೇ ಹಿಡಿಯಿರಿ, ಬಾಡಿಗಲ್ಲ. ಕೆಂಪು ಕಡ್ಡಿ ಹಿಂದಿನ ಲ್ಯಾಂಪ್ ಹೋಲ್ಡರಿನ ಅರ್ಥಿಗೆ. ವೈರ್ ಗಿಡ್ಡ ಆದರೆ ಉದ್ದದ ಒಂದು ವೈರ್ ಸೇರಿಸಿಕೊಳ್ಳಿ. ಒಬ್ಬರು ಬ್ರೇಕ್ ತುಳಿದಿರಲಿ. ಸೊನ್ನೆಯ ಹತ್ತಿರ ಇರಬೇಕು, 0.2 ದಾಟಬಾರದು.

ಹೀಗೇ ಇಂಜಿನ್ನಿಗೂ ನೋಡಿ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಕ್ಯಾಬಿನ್ನೂ ಹಾಗೇ. ಅವಕ್ಕೂ ಚಾಸಿಗೂ ನಡುವೆ ಅರ್ಥಿಗೆ ಅಂತ ಲೋಹದ ಎಳೆಗಳಿಂದ ಹೆಣೆದ ಪಟ್ಟಿ ಒಂದೊಂದು ಇರುತ್ತದೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದು, ಕೆಂಪು ಕಡ್ಡಿ ಇಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಇಲ್ಲಿ ಓಮ್ ಅಳೆಯಬೇಡಿ, ಬೀಪ್ ಸದ್ದು ನಂಬಬೇಡಿ. ಡೀಸೆಲ್ ಸೆಲ್ಫ್ 200 ಆಂಪಿಯರ್ ಎಳೆಯಿತು ಅಂದುಕೊಳ್ಳಿ, ಅರ್ಥಿನಲ್ಲಿ 0.01 ಓಮ್ ಅಡ್ಡಿ ಇದ್ದರೂ ಅಲ್ಲೇ 2 ವೋಲ್ಟ್ ಹೋಯಿತು. ಅಷ್ಟು ಸಣ್ಣ ಓಮ್ ನಮ್ಮ ಮೀಟರಿಗೆ ಕಾಣುವುದೇ ಇಲ್ಲ, ಬೀಪ್ ಅಂದು ಎಲ್ಲ ಸರಿ ಅನ್ನುತ್ತದೆ. ಭಾರ ಬಿದ್ದಾಗಲೇ ಅಳೆಯಬೇಕು.

ಇನ್ನೊಂದು. ಸೆಲ್ಫ್ ಟಕ್ ಅಂದ ಕೂಡಲೇ ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸೆಲ್ಫ್ ಕರೆಂಟ್ ಆ ಕೇಬಲ್ಲಿನಲ್ಲಿ ವಾಪಸ್ ಹೋಗುತ್ತಿದೆ ಅಂತ ಅರ್ಥ. ಹಾಗಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಕೇಬಲ್ಲಿನ ಪ್ಲಾಸ್ಟಿಕ್ ಕರಗಿ ಹೊಗೆ ಬರುತ್ತದೆ.

ಡೈನಮೋ_ಶಿವಮೊಗ್ಗ:

ಅರ್ಥ್ ಬಗ್ಗೆ ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನಿಂತಲ್ಲೇ ಬ್ಯಾಟರಿ ಇಳಿಯುವುದು ಅರ್ಥಿನಿಂದ ಅಲ್ಲ, ಅದು ಬೇರೆಯೇ ಕಾಯಿಲೆ. ಎರಡನ್ನೂ ಒಂದೇ ಅಂದುಕೊಂಡರೆ ಅರ್ಥ್ ಸರಿ ಮಾಡಿದ ಮೇಲೂ ಗಾಡಿ ತಳ್ಳುತ್ತಲೇ ಇರಬೇಕಾಗುತ್ತದೆ.

ಬಾಗಿಲು ಮುಚ್ಚಿ, ಕೀ ತೆಗೆದು, ಬ್ಯಾಟರಿ ಮೈನಸ್ ಕಳಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಗೂಟಕ್ಕೂ ಕಳಚಿದ ಕೇಬಲ್ಲಿಗೂ ನಡುವೆ ಸೇರಿಸಿ. ಮೀಟರ್ ಹೀಗಿರುವಾಗ ಕೀ ತಿರುಗಿಸಲೇಬೇಡಿ, ಅದರೊಳಗಿನ ಫ್ಯೂಸ್ ಹೋಗುತ್ತದೆ. ನಿಮ್ಮಂಥ ಹಳೆ ಗಾಡಿಗೆ 0.05 ಆಂಪಿಯರ್ ಒಳಗೆ ಇರಬೇಕು. ಜಾಸ್ತಿ ಇದ್ದರೆ ಫ್ಯೂಸ್ ಒಂದೊಂದೇ ಕಿತ್ತು, ಯಾವುದಕ್ಕೆ ಅಂಕಿ ಬೀಳುತ್ತದೆ ನೋಡುತ್ತಾ ಹೋಗಿ. ಹಿಂದಿನಿಂದ ಸೇರಿಸಿದ್ದೆಲ್ಲ ಗುಮಾನಿಯೇ: ಮ್ಯೂಸಿಕ್ ಸಿಸ್ಟಂ, ಜಿಪಿಎಸ್, ಬಣ್ಣದ ಎಲ್ಇಡಿ ಪಟ್ಟಿ. ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದು ಕಂಡರೆ ಅವತ್ತೇ ತೆಗೆಯಿರಿ. ಶಾರ್ಟ್ ಆದ ದಿನ ಮೊದಲು ಉರಿಯುವುದು ಆ ಎಳೆ ಅಲ್ಲ, ಡ್ಯಾಶ್‌ಬೋರ್ಡ್ ಒಳಗಿನ ವೈರ್.

ಯಾವ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ. ಅದರ ದಪ್ಪ ವೈರ್ ಸಾಮಾನ್ಯವಾಗಿ ಈ ಸಣ್ಣ ಫ್ಯೂಸ್ ಬಾಕ್ಸ್ ದಾಟಿ ಬರುವುದಿಲ್ಲ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡ್ ಒಳಗೆ ಒಂದು ಸೋರುತ್ತಿದ್ದರೆ ರಾತ್ರಿಯಿಡೀ ಬ್ಯಾಟರಿಯಿಂದ ಉಲ್ಟಾ ಎಳೆಯುತ್ತಿರುತ್ತದೆ. ಜಾಸ್ತಿ ಸೋರುತ್ತಿದ್ದರೆ ಬೆಳಿಗ್ಗೆ ಇಂಜಿನ್ ತಣ್ಣಗಿದ್ದರೂ ಆಲ್ಟರ್ನೇಟರ್ ಮೈ ಮಾತ್ರ ಬೆಚ್ಚಗಿರುತ್ತದೆ.

ದಯವಿಟ್ಟು ಇದೊಂದು ಕೇಳಿ. ಚಾರ್ಜಿಂಗ್ ನೋಡಲು ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಎಳೆಯುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಬೇಡವೇ ಬೇಡ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಜಿಗಿದು ಡಯೋಡೂ ರೆಗ್ಯುಲೇಟರೂ ಒಟ್ಟಿಗೆ ಹೋಗುತ್ತವೆ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಇದೆಯಾ, ಅಷ್ಟು ನೋಡಿದರೆ ಸಾಕು. ಆಮೇಲೆ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ. 0.5 ದಾಟಿದರೆ ಡಯೋಡ್ ಮೇಲೆ ಅನುಮಾನ ಪಡಿ.

ಘಾಟಿಪಿಕಪ್ (ತೀರ್ಥಹಳ್ಳಿ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ತಮ್ಮನನ್ನು ಕೂರಿಸಿಕೊಂಡು ಎಲ್ಲ ಅಳೆದೆ.

ಬಲ್ಬ್ ಸರಿಯಾದ್ದೇ ಇದೆ, 21/5. ಹಿಂದಿನ ಅರ್ಥಿನಲ್ಲಿ ಬ್ರೇಕ್ ತುಳಿದಾಗ 6.8 ವೋಲ್ಟ್! ಸೆಲ್ಫ್ ಹೊಡೆದಾಗ ಇಂಜಿನ್ ಮೇಲೆ 2.1 ವೋಲ್ಟ್, ಆಗ ಬ್ಯಾಟರಿ ಗೂಟದ ಮೇಲೆ 10.4 ಇತ್ತು. ಆಕ್ಸಿಲರೇಟರ್ ಕೇಬಲ್ ನಿಜಕ್ಕೂ ಬೆಚ್ಚಗಾಗಿತ್ತು.

ನಿಂತಾಗಿನ ಎಳೆತ 0.42 ಆಂಪಿಯರ್. ಮ್ಯೂಸಿಕ್ ಫ್ಯೂಸ್ ಕಿತ್ತರೆ ಸ್ವಲ್ಪ ಇಳಿಯಿತು, ಉಳಿದ ಯಾವುದಕ್ಕೂ ಅಲುಗಲಿಲ್ಲ. ಆಲ್ಟರ್ನೇಟರ್ ದಪ್ಪ ವೈರ್ ಕಳಚಿ ನೋಡಿದರೆ 0.04. ಇಂಜಿನ್ ಓಡುವಾಗ ಚಾರ್ಜಿಂಗ್ 13.9 ಬರುತ್ತಿದೆ, ಅದಕ್ಕೇ ಎಲ್ಲರೂ ಆಲ್ಟರ್ನೇಟರ್ ಸರಿ ಇದೆ ಅಂತಿದ್ದರು.

ಲೋಡ್ ಬಾಡಿ ಕೆಳಗೆ ಮಲಗಿ ನೋಡಿದೆ. ಹಿಂದಿನ ಅರ್ಥ್ ವೈರ್ ಚಾಸಿಗೆ ಬೋಲ್ಟ್ ಆಗಿರುವ ಕಡೆ ಬಾಡಿ ಕಟ್ಟಿದವರು ಬಣ್ಣದ ಮೇಲೇ ಬಿಗಿದಿದ್ದಾರೆ. ವಾಷರ್ ಕೆಳಗೆಲ್ಲ ತುಕ್ಕು ಹಪ್ಪಳ ಎದ್ದಿದೆ, ರಿಂಗಿನ ಬುಡದಲ್ಲಿ ಹಸಿರು ಕಿಲುಬು. ವೈರ್ ಬಗ್ಗಿಸಿದರೆ ಒಳಗೆ ಕರಕರ ಅನ್ನುತ್ತದೆ. ಗೇರ್ ಬಾಕ್ಸ್ ಹತ್ತಿರದ ಹೆಣೆದ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಳೆ ತುಂಡಾಗಿದೆ. ಉಜ್ಜಿ ಮತ್ತೆ ಅದೇ ಹಾಕಿದರೆ ಆಗುತ್ತದಾ?

ಹಳೇವೈರಿಂಗ್:

ಪಟ್ಟಿ ಖಂಡಿತ ಹೊಸದು ಹಾಕಿ. ಹೆಣೆದದ್ದು ಸಿಗದಿದ್ದರೆ ಬ್ಯಾಟರಿ ಕೇಬಲ್ಲನ್ನೇ ಅಳತೆಗೆ ಕತ್ತರಿಸಿ ಎರಡೂ ಕಡೆ ಲಗ್ (ಬೋಲ್ಟ್ ಕೂರುವ ರಿಂಗ್) ಒತ್ತಿಸಿ. ಇಂಜಿನ್ ಅಲುಗಾಡುವಷ್ಟು ಸಡಿಲ ಇರಲಿ. ಹಿಂದಿನ ವೈರ್ ಬಗ್ಗಿಸಿದಾಗ ಕರಕರ ಅಂದರೆ ಒಳಗಿನ ತಾಮ್ರ ಕಪ್ಪಾಗಿ ಪುಡಿಯಾಗಿದೆ. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ, ತುಕ್ಕು ಎಲ್ಲ ಉಜ್ಜಿ ಬೆಳ್ಳಗೆ ಮಾಡಿ. ಮೊದಲು ಬಿಗಿಯಿರಿ, ಆಮೇಲೆ ಮೇಲಿಂದ ಗ್ರೀಸೋ ವ್ಯಾಸಲೀನೋ ಬಳಿಯಿರಿ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿ ಮೈನಸ್ ಕಳಚಿರಬೇಕು.

ಕುಂದಾಪುರ_ಲೋಡ್:

ನಾವು ಮೀನು ಸಾಗಿಸುವವರು, ಐಸು ಕರಗಿದ ಉಪ್ಪು ನೀರು ಸೀದಾ ಅದೇ ಬೋಲ್ಟಿನ ಮೇಲೆ ಸುರಿಯುತ್ತದೆ. ಎಷ್ಟು ಉಜ್ಜಿದರೂ ಮುಂದಿನ ಮಳೆಗೆ ಮತ್ತೆ ತುಕ್ಕು. ಅದಕ್ಕೆ ನಾವು ಹಿಂದಿನ ಎರಡೂ ಲ್ಯಾಂಪಿನ ಅರ್ಥ್ ಸೇರಿಸಿ, 2.5 ಸ್ಕ್ವೇರ್ ಎಂಎಂ ಕಪ್ಪು ವೈರ್ ಒಂದನ್ನು ಪೈಪಿನೊಳಗೆ ಎಳೆದು ಸೀದಾ ಬ್ಯಾಟರಿ ಮೈನಸ್ಸಿಗೇ ಕೊಟ್ಟುಬಿಡುತ್ತೇವೆ. ಚಾಸಿ ನಂಬುವ ಗೋಜೇ ಇಲ್ಲ. ಜಾಯಿಂಟಿಗೆ ಇನ್ಸುಲೇಷನ್ ಟೇಪ್ ಬೇಡ ಮಾರಾಯ್ರೆ, ಬಿಸಿಗೆ ಅಂಟು ಬಿಟ್ಟು ಒಳಗೆ ನೀರು ನಿಲ್ಲುತ್ತದೆ. ಬಿಸಿ ಮಾಡಿದರೆ ಕುಗ್ಗಿ ಒಳಗೆ ಅಂಟು ಕರಗುವ ಹೀಟ್ ಶ್ರಿಂಕ್ ಟ್ಯೂಬ್ ಸಿಗುತ್ತದೆ, ಅದನ್ನೇ ಹಾಕಿ.

ಡೈನಮೋ_ಶಿವಮೊಗ್ಗ:

0.42 ಅಂದರೆ ದಿನಕ್ಕೆ ಸುಮಾರು 10 ಆಂಪಿಯರ್ ಅವರ್. 75ರ ಬ್ಯಾಟರಿ ನಾಲ್ಕು ದಿನದಲ್ಲಿ ಅರ್ಧಕ್ಕಿಂತ ಕೆಳಗೆ. ಲೆಕ್ಕ ಸರಿ ಹೋಯಿತು. ಡಯೋಡ್ ಸೋರುತ್ತಿದ್ದರೂ 13.9 ತೋರಿಸುವುದು ಮಾಮೂಲು, ಅದರಿಂದ ಮೋಸ ಹೋಗಬೇಡಿ. ಪೂರಾ ಆಲ್ಟರ್ನೇಟರ್ ಬೇಕಿಲ್ಲ, ಡಯೋಡ್ ಪ್ಲೇಟ್ ಬೇರೆಯಾಗಿಯೇ ಸಿಗುತ್ತದೆ. ಬಿಚ್ಚಿಸಿದಾಗ ಬ್ರಷ್, ಬೇರಿಂಗ್ ಕೂಡ ನೋಡಿಸಿಬಿಡಿ.

ಘಾಟಿಪಿಕಪ್ (ತೀರ್ಥಹಳ್ಳಿ):

ಎಲ್ಲ ಆಯಿತು. ಹೊಸ ಪಟ್ಟಿ, ಕುಂದಾಪುರದವರು ಹೇಳಿದ ಹಾಗೆ ಬ್ಯಾಟರಿಗೇ ಅರ್ಥ್ ವೈರ್, ಡಯೋಡ್ ಪ್ಲೇಟ್. ಬ್ರೇಕ್ ತುಳಿದಾಗ ಹಿಂದೆ 0.1 ವೋಲ್ಟ್, ಸೆಲ್ಫ್ ಹೊಡೆದಾಗ ಇಂಜಿನ್ನಿನಲ್ಲಿ 0.15. ನಿಂತಾಗ 0.04. ಬ್ರೇಕ್ ಲೈಟ್ ಈಗ ಕಣ್ಣಿಗೆ ಹೊಡೆಯುವ ಹಾಗೆ ಹತ್ತುತ್ತದೆ, ಘಾಟಿಯಲ್ಲಿ ಧೈರ್ಯ ಬಂತು. ಉಳಿದಿದ್ದು ಒಂದೇ. ಹೆಡ್‌ಲೈಟ್ ಹಾಕಿದಾಗ ಆ ಎರಡು ಮುಳ್ಳು ಇನ್ನೂ ಕದಲುತ್ತವೆ, ಮೊದಲಿಗಿಂತ ಕಡಿಮೆ.

ಹಳೇವೈರಿಂಗ್:

ಎರಡು ಮುಳ್ಳು ಒಟ್ಟಿಗೆ ಕದಲಿದರೆ ಸೆನ್ಸರ್ ಅಲ್ಲ, ಎರಡಕ್ಕೂ ಸೇರಿದ ಜಾಗ ನೋಡಬೇಕು. ಮೀಟರ್ ಬೋರ್ಡ್ ಹಿಂದಿನ ಕನೆಕ್ಟರಿನಿಂದ ಹೊರಟ ಅರ್ಥ್ ವೈರ್ ಹಿಡಿದು ಹೋಗಿ, ಅದು ಕ್ಯಾಬಿನ್ನಿಗೆ ಬೋಲ್ಟ್ ಆಗಿರುವ ಕಡೆ ಉಜ್ಜಿ ಬಿಗಿಯಿರಿ. ಆಮೇಲೆ ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೈನಸ್ಸಿನಿಂದ ಆ ವೈರಿಗೆ ವೋಲ್ಟ್ ಅಳೆಯಿರಿ. 0.1 ದಾಟುತ್ತಿದ್ದರೆ ಕ್ಯಾಬಿನ್ನಿಗೂ ಚಾಸಿಗೂ ಇರುವ ಪಟ್ಟಿಯನ್ನೂ ಬದಲಾಯಿಸಿ. ಅಳೆದು ಅಂಕಿ ಇಲ್ಲೇ ಹಾಕಿ, ನೋಡೋಣ.